ಹಳದಿ ದ್ರಾವಣ ಬದಲಾದ ಬಗ್ಗೆ

ಇಂದ:
ಸಮಯಪಾಲಕ, ನಗರ ಬಸ್ ಡಿಪೋ
(ರೋಗಿ ಸಂಖ್ಯೆ 2206, ಪುರುಷರ ವಾರ್ಡಿನ ಒಂಬತ್ತನೇ ಹಾಸಿಗೆಯಿಂದ ಬಿಡುಗಡೆಯಾಗಿ ಈಗ ಮನೆಯಲ್ಲಿದ್ದಾನೆ)

ಗೆ:
ಮುಖ್ಯಸ್ಥರು, ಅಂಗಾಂಶ ಪರೀಕ್ಷಾ ವಿಭಾಗ
ಆಸ್ಪತ್ರೆಯ ಹಳೆಯ ಕಟ್ಟಡ, ನೆಲಮಹಡಿ

ವಿಷಯ: ವೃಷಣದಿಂದ ತೆಗೆದ ಅಂಗಾಂಶದ ಮಾದರಿ ಹಾಳಾದದ್ದಕ್ಕೆ ದಾಖಲೆಯಲ್ಲಿ ಬರೆದಿರುವ ಕಾರಣವನ್ನು ತಿದ್ದಿ, ಮತ್ತೆ ಮಾದರಿ ತೆಗೆಯಲು ಬೇಗ ದಿನಾಂಕ ಕೊಡುವ ಬಗ್ಗೆ.

ಉಲ್ಲೇಖ: 1) 'ಅಭಿಪ್ರಾಯ ನೀಡಲು ಸಾಧ್ಯವಿಲ್ಲ' ಎಂಬ ತಮ್ಮ ವರದಿ.
2) ತಮ್ಮ ವಿಭಾಗದ ನಿಯಮ 14.
3) ಕೌಂಟರಿನ ಗುಮಾಸ್ತೆಯವರು ಬಾಯಿಮಾತಿನಲ್ಲಿ ಕೊಟ್ಟ ಸಲಹೆ (ಅರ್ಜಿದಾರ ಪಾಲಿಸಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರ ತಮ್ಮ ಅವಗಾಹನೆಗೆ ತರುವ ಸಂಗತಿಗಳು ಹೀಗಿವೆ. ಬಸ್ಸು ಹೊರಟ ಹೊತ್ತು, ಬಂದ ಹೊತ್ತು ಬರೆಯುವುದೇ ಅರ್ಜಿದಾರನ ಕೆಲಸವಾದ ಕಾರಣ, ಇಲ್ಲಿನ ಗಂಟೆ ನಿಮಿಷಗಳನ್ನು ನಂಬಬಹುದು.

1. ಅರ್ಜಿದಾರನಿಗೆ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಮೂರು ವರ್ಷದ ಹಿಂದೆ ಮಾಡಿಸಿದ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ ಎಂಬಲ್ಲಿ ಸೊನ್ನೆ ಬಂತು. ಅಚ್ಚಿನ ತಪ್ಪಿರಬಹುದೆಂದು ಅರ್ಜಿದಾರ ಇನ್ನೆರಡು ಕಡೆ ಪರೀಕ್ಷೆ ಮಾಡಿಸಿದ. ಅಲ್ಲೂ ಅದೇ ಸೊನ್ನೆ. ವೀರ್ಯಾಣು ತಯಾರೇ ಆಗುತ್ತಿಲ್ಲವೋ, ತಯಾರಾಗಿಯೂ ಹೊರಗೆ ಬರಲು ದಾರಿಯಿಲ್ಲವೋ ಎಂದು ತಿಳಿಯಲು ಒಂದು ಚೂರು ಅಂಗಾಂಶ ತೆಗೆದು ನೋಡಬೇಕೆಂದು ವೈದ್ಯರು ಹೇಳಿದರು. ಡಿಪೋದ ಮಾತಿನಲ್ಲಿ ಹೇಳುವುದಾದರೆ, ಬಸ್ಸೇ ಇಲ್ಲವೋ, ಗೇಟು ಮುಚ್ಚಿದೆಯೋ ಎಂಬುದು ಪ್ರಶ್ನೆ. ಗೇಟು ಮುಚ್ಚಿದ್ದರೆ ಉಪಾಯವುಂಟು.

2. ಈ ವಿಷಯ ಅರ್ಜಿದಾರನ ಹೆಂಡತಿಯನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅಮ್ಮನಿಗೆ ಅರ್ಜಿದಾರ "ತೊಡೆಸಂದೀಲಿ ಸಣ್ಣ ಗಂಟು, ತೆಗೆದುಬಿಡ್ತಾರೆ" ಎಂದಷ್ಟೇ ಹೇಳಿದ್ದ. ಇದೇ ಮೂರು ವರ್ಷದಲ್ಲಿ ಅರ್ಜಿದಾರನ ತಾಯಿ ಸೊಸೆಯನ್ನು ನಾಲ್ಕು ಮಂದಿ ವೈದ್ಯೆಯರ ಬಳಿ ಕರೆದುಕೊಂಡು ಹೋಗಿದ್ದಾರೆ. ಸೊಸೆ ನಾಲ್ಕೂ ಕಡೆ ಸುಮ್ಮನೆ ಹೋಗಿ ಬಂದಿದ್ದಾಳೆ.

3. ಅರ್ಜಿದಾರನ ತಂದೆಯವರು ಪ್ರೌಢಶಾಲೆಯೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದು ನಿವೃತ್ತರಾದವರು. ಅಲ್ಲಿನ ಗಾಜಿನ ಜಾಡಿಗಳಲ್ಲಿರುವ ಕಪ್ಪೆ, ಹಾವು, ಆಮೆ, ಎರಡು ತಲೆಯ ಕರು, ಇವುಗಳಲ್ಲಿ ಒಂದೂ ಅವರ ಕಾಲದಲ್ಲಿ ಕೆಟ್ಟಿಲ್ಲ. ಜಾಡಿಯಲ್ಲಿರುವ ಫಾರ್ಮಾಲಿನ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ತಿರುಗಿದರೆ ಅದನ್ನು ಚೆಲ್ಲಿ, ಪ್ರಾಣಿಯನ್ನು ನಲ್ಲಿ ನೀರಿನಲ್ಲಿ ತೊಳೆದು, ಹೊಸದು ತುಂಬಿ, ಮುಚ್ಚಳ ಬಿಗಿಯಬೇಕು. ನಿವೃತ್ತರಾದ ಮೇಲೂ ಪ್ರತಿ ಶನಿವಾರ ಬೆಳಿಗ್ಗೆ ಚೀಲದಲ್ಲಿ ಫಾರ್ಮಾಲಿನ್ ಬಾಟಲಿ ಇಟ್ಟುಕೊಂಡು ಹೋಗಿ ಈ ಕೆಲಸ ಮಾಡಿ ಬರುತ್ತಾರೆ. ಮಾಡಿ ಎಂದು ಯಾರೂ ಕೇಳಿಲ್ಲ, ಬೇಡ ಎಂದೂ ಯಾರೂ ಹೇಳಿಲ್ಲ.

4. ಅರ್ಜಿದಾರನಿಗೆ ಶಸ್ತ್ರಚಿಕಿತ್ಸೆ ನಡೆದದ್ದು ಶನಿವಾರ.

5. ಅಂದು, ಅರ್ಜಿದಾರನೇ ಸಮಯ ಹೊಂದಿಸಿಕೊಟ್ಟ ತಂದೆಯವರ ಕೈಗಡಿಯಾರದ ಪ್ರಕಾರ, 12.52ಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ ಹೊರಗೆ ಬಂದು, ಶಾಲೆಯಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತಿದ್ದ ತಂದೆಯವರ ಕೈಗೆ ಒಂದು ಸಣ್ಣ ಬಾಟಲಿ ಕೊಟ್ಟು, "ಇದನ್ನ ಹಳೇ ಕಟ್ಟಡದ ಲ್ಯಾಬಿಗೆ ಕೊಟ್ಟುಬಿಡಿ ತಾತ, ಬೀಳಿಸಬೇಡಿ" ಎಂದರು. ತಂದೆಯವರು ಬೀಳಿಸಲಿಲ್ಲ. ಆದರೆ 1.01ಕ್ಕೆ ಅವರು ತಲುಪಿದಾಗ ಕೌಂಟರು ಊಟಕ್ಕೆ ಮುಚ್ಚಿತ್ತು. ತೆರೆಯುವುದು 2.15ಕ್ಕೆ. ಅವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಗೋಧಿಕಾಳಿನಷ್ಟು ಒಂದು ಚೂರು. ಸುತ್ತ ಇದ್ದದ್ದು ಅಚ್ಚ ಹಳದಿ.

6. ಆ ಹಳದಿ ದ್ರಾವಣ ವೃಷಣದ ಅಂಗಾಂಶಕ್ಕೆಂದೇ ತಮ್ಮ ವಿಭಾಗದಲ್ಲಿ ತಯಾರಾದದ್ದು, ಅದರ ಬಣ್ಣವೇ ಹಳದಿ, ಫಾರ್ಮಾಲಿನ್‌ನಲ್ಲಿಟ್ಟರೆ ಒಳಗಿನ ಸೂಕ್ಷ್ಮ ಕೊಳವೆಗಳು ಕುಗ್ಗಿ ಜೀವಕೋಶಗಳು ಕಿತ್ತು ಬರುತ್ತವೆ ಎಂಬುದು ಅರ್ಜಿದಾರನಿಗೆ ತಿಳಿದದ್ದು ಹನ್ನೊಂದು ದಿನಗಳ ನಂತರ. ತಂದೆಯವರಿಗೆ ಬೆಂಚಿನಲ್ಲಿ ಅದನ್ನು ಹೇಳುವವರಿರಲಿಲ್ಲ. ಇಷ್ಟು ದೊಡ್ಡ ಆಸ್ಪತ್ರೆಯವರು ಮಗನ ಗಂಟನ್ನು ಹಳಸಿದ ಫಾರ್ಮಾಲಿನ್‌ನಲ್ಲಿ ಹಾಕಿಕೊಟ್ಟಿದ್ದಾರೆಂದು ಅವರಿಗೆ ಕೆಡುಕೆನಿಸಿತು. ದೂರು ಕೊಡುವ ಸ್ವಭಾವ ಅವರದ್ದಲ್ಲ. ಆದಕಾರಣ ಕೈತೊಳೆಯುವ ತೊಟ್ಟಿಯ ಬಳಿ ಹೋಗಿ, ಹಳದಿಯನ್ನು ಚೆಲ್ಲಿ, ಚೂರನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಸಲ ತೊಳೆದು, ಚೀಲದಲ್ಲಿದ್ದ ಫಾರ್ಮಾಲಿನ್ ತುಂಬಿದರು. 2.15ಕ್ಕೆ ಸರದಿಯಲ್ಲಿ ಮೊದಲಿಗರಾಗಿ ನಿಂತು ಬಾಟಲಿ ಒಪ್ಪಿಸಿ, ರಸೀದಿ ಪಡೆದರು.

7. ಹನ್ನೊಂದನೇ ದಿನ ತಮ್ಮ ವಿಭಾಗದ ಕಿರಿಯ ವೈದ್ಯೆ ಅರ್ಜಿದಾರನನ್ನೂ ಹೆಂಡತಿಯನ್ನೂ ತಂದೆಯವರನ್ನೂ ಕರೆಸಿದರು. ಅಲ್ಲಿ ನಡೆದ ಮಾತುಗಳನ್ನು ನೆನಪಿದ್ದಷ್ಟು ಇದ್ದಂತೆಯೇ ಕೊಡಲಾಗಿದೆ.

"ಇದನ್ನ ಯಾರಾದ್ರೂ ತೊಳೆದ್ರಾ?" ಎಂದು ವೈದ್ಯೆ ಕೇಳಿದರು.

ತಂದೆಯವರು ಎದ್ದು ನಿಂತರು. "ನಾನೇ ಮೇಡಂ. ಎರಡು ಸಲ."

ಶಾಲೆಗೆ ತಪಾಸಣೆಗೆ ಬಂದವರು ಜಾಡಿಗಳನ್ನು ನೋಡಿ ಇದೇ ಪ್ರಶ್ನೆ ಕೇಳಿ ಬೆನ್ನು ತಟ್ಟಿದ್ದುಂಟು. ಆದ್ದರಿಂದ ಅವರು ನಿಂತೇ ಇದ್ದರು.

"ನೀರು ಬದಲಾಯಿಸಿದ್ದೂ ನೀವೇನಾ?"

"ನೀರಲ್ಲ ಮೇಡಂ, ಫಾರ್ಮಾಲಿನ್. ಒಳ್ಳೇದು. ಇನ್ನು ಮೂವತ್ತು ವರ್ಷ ಏನೂ ಆಗಲ್ಲ."

"ಮೂವತ್ತು ವರ್ಷ ಇರುತ್ತೆ, ಸರಿ. ಆದ್ರೆ ನಮಗೆ ನೋಡಬೇಕಾಗಿದ್ದು ಅದರಲ್ಲಿಲ್ಲ."

ತಂದೆಯವರು ಅರ್ಜಿದಾರನ ಕಡೆ ತಿರುಗಿದರು. "ಗಂಟು ಅಲ್ವೇನೋ?"

ಅರ್ಜಿದಾರ ಗೋಡೆಯ ಗಡಿಯಾರ ನೋಡಿದ. 11.20. ಅದು ನಾಲ್ಕು ನಿಮಿಷ ಹಿಂದಿತ್ತು.

"ಮಾವ, ಅದು ಗಂಟಲ್ಲ," ಎಂದಳು ಅರ್ಜಿದಾರನ ಹೆಂಡತಿ. "ಮಕ್ಕಳಾಗುತ್ತೋ ಇಲ್ವೋ ಅಂತ ನೋಡೋಕೆ ತೆಗೆದದ್ದು."

"ನಿನ್ನಲ್ಲೇನೋ ಊನ ಅಂತಿದ್ರಲ್ಲಮ್ಮ, ನಿಮ್ಮತ್ತೆ?"

"ಅವರು ಹಾಗಂದ್ಕೊಂಡಿದ್ರು."

"ನೀನ್ಯಾಕೆ ಬಾಯಿಬಿಡಲಿಲ್ಲ?"

"ಇವರು ಹೇಳ್ತಾರೆ ಅಂತ ಕಾದೆ."

ತಂದೆಯವರು ಕೂತರು. ಅರ್ಜಿದಾರನಿಗೆ, "ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದರು. ಮೂರು ವರ್ಷ ಎಂದು ಅರ್ಜಿದಾರ ಉತ್ತರಿಸಿದ. "ಹೇಳಿದ್ರೆ ನಾನು ಮುಟ್ತಾನೇ ಇರ್ಲಿಲ್ಲ ಕಣೋ," ಎಂದರು. ಮನೆಗೆ ಹೋಗುವಾಗ ಬಸ್ಸು ಬೇಡವೆಂದು ನಡೆದೇ ಹೋದರು.

8. ತಮ್ಮ ದಾಖಲೆಯ ಏಳನೇ ಅಂಕಣದಲ್ಲಿ ಮಾದರಿ ಹಾಳಾದ ಕಾರಣ 'ಸಂಬಂಧಿಕರ ನಿರ್ಲಕ್ಷ್ಯ' ಎಂದಿದೆ. ನಿಯಮ 14ರ ಪ್ರಕಾರ ತಪ್ಪು ಸಿಬ್ಬಂದಿಯದಾದರೆ ಮೂವತ್ತು ದಿನದೊಳಗೆ ಮತ್ತೆ ಮಾದರಿ ತೆಗೆಯಬೇಕು. ಸಂಬಂಧಿಕರದಾದರೆ ರೋಗಿ ಸರದಿಯ ಕೊನೆಗೆ ಹೋಗಬೇಕು. ಸರದಿ ಈಗ ಹದಿನಾಲ್ಕು ತಿಂಗಳಿದೆ. ಅರ್ಜಿದಾರನ ಹೆಂಡತಿಗೆ ಮೂವತ್ತೊಂಬತ್ತು ವರ್ಷ. ಗೇಟು ಮುಚ್ಚಿದ್ದೇ ಆದರೂ ಹದಿನಾಲ್ಕು ತಿಂಗಳ ನಂತರ ಅದನ್ನು ತೆರೆದು ಹೆಚ್ಚು ಪ್ರಯೋಜನವಾಗದು ಎಂದು ಆಕೆಯ ವೈದ್ಯೆ ಸ್ಪಷ್ಟವಾಗಿ ಹೇಳಿದ್ದಾರೆ.

9. ಕೌಂಟರಿನ ಗುಮಾಸ್ತೆಯವರು ಕನಿಕರದಿಂದ, "ಯಾಕ್ರೀ ಒದ್ದಾಡ್ತೀರಾ, ಮುಚ್ಚಳ ಸಡಿಲ ಇತ್ತು, ಸೋರಿಹೋಯ್ತು ಅಂತ ಬರೆದುಕೊಡಿ. ಸಿಬ್ಬಂದಿ ತಪ್ಪು ಅಂತಾಗುತ್ತೆ, ಮೂವತ್ತು ದಿನದಲ್ಲಿ ಕೆಲಸ ಮುಗಿಯುತ್ತೆ" ಎಂದರು. ಮುಚ್ಚಳ ಸಡಿಲವಿರಲಿಲ್ಲ. ಅದನ್ನು ಬಿಚ್ಚಲು ಮೂರು ಸಲ ತಿರುಗಿಸಬೇಕಾಯಿತೆಂದು ತಂದೆಯವರೇ ಹೇಳಿದ್ದಾರೆ. ದಾದಿಯವರು ಅವರ ಕೆಲಸ ಸರಿಯಾಗಿ ಮಾಡಿದ್ದಾರೆ.

10. ಹಾಗೆಯೇ ತಂದೆಯವರೂ ಅವರ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಮೂವತ್ತನಾಲ್ಕು ವರ್ಷದಲ್ಲಿ ನಿರ್ಲಕ್ಷ್ಯ ಎಂಬ ಪದ ಅವರ ಸೇವಾ ಪುಸ್ತಕದಲ್ಲಿ ಒಮ್ಮೆಯೂ ಬಂದಿಲ್ಲ. ಆ ಅಂಕಣವಿರುವ ದಾಖಲೆಯ ನಕಲನ್ನು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸಿ, ಅರ್ಜಿದಾರನಿಗೆ ವಾಪಸ್ ಕೊಟ್ಟರು. ಅದಾದ ಶನಿವಾರ ಶಾಲೆಗೆ ಹೋಗಲಿಲ್ಲ.

11. ಮಾದರಿ ಹಾಳಾದದ್ದು ಬಾಟಲಿಯಲ್ಲಿ ಏನಿದೆಯೆಂದು ಅರ್ಜಿದಾರ ಹೇಳದ ಕಾರಣ. ರೋಗಿಯ ತಪ್ಪಿನಿಂದಲೇ ಮಾದರಿ ಹಾಳಾದರೆ ಏನು ಮಾಡಬೇಕೆಂದು ಅರ್ಜಿದಾರ ನಿಯಮ 14ನ್ನು ಮೇಲಿನಿಂದ ಕೆಳಗೆ ಓದಿ ಹುಡುಕಿದ್ದಾನೆ. ಅದರಲ್ಲಿ ಏನೂ ಇಲ್ಲ. ನಿಯಮದಲ್ಲಿ ಇಲ್ಲದ್ದು ಮುಖ್ಯಸ್ಥರ ವಿವೇಚನೆಗೆ ಬಿಟ್ಟದ್ದೆಂದು ಕೊನೆಯ ಸಾಲಿನಲ್ಲಿದೆ.

ಆದ್ದರಿಂದ ತಾವು ದಯಮಾಡಿ,

(ಅ) ಏಳನೇ ಅಂಕಣದಲ್ಲಿ 'ಸಂಬಂಧಿಕರ ನಿರ್ಲಕ್ಷ್ಯ' ಎಂಬುದನ್ನು ಹೊಡೆದುಹಾಕಿ, 'ರೋಗಿ ಬಾಯಿಬಿಡಲಿಲ್ಲ' ಎಂದು ಬರೆಯಬೇಕಾಗಿಯೂ,

(ಆ) ಮತ್ತೆ ಮಾದರಿ ತೆಗೆಯಲು ತಮ್ಮ ವಿವೇಚನೆಯಂತೆ ಹತ್ತಿರದ ದಿನಾಂಕ ಕೊಡಬೇಕಾಗಿಯೂ, ಅದು ಶನಿವಾರವಾದರೂ ಅಡ್ಡಿಯಿಲ್ಲವೆಂದೂ,

(ಇ) ಆ ದಿನ ಬಾಟಲಿಯನ್ನು ಅರ್ಜಿದಾರನ ತಂದೆಯವರ ಕೈಗೇ ಕೊಡಬೇಕಾಗಿಯೂ, ಕೊಡುವಾಗ ಅದರಲ್ಲಿ ಏನಿದೆ, ಯಾರದ್ದು, ಯಾತಕ್ಕೆ ಎಂಬುದನ್ನು ದಾದಿಯವರು ಗಟ್ಟಿಯಾಗಿ ಹೇಳಬೇಕಾಗಿಯೂ, ಪಕ್ಕದಲ್ಲಿ ನೆಂಟರು ಯಾರೇ ನಿಂತಿದ್ದರೂ ದನಿ ತಗ್ಗಿಸಬಾರದೆಂದೂ

ವಿನಂತಿ.

ಇಂತಿ, ಈಗ ಮನೆಯವರಿಗೆಲ್ಲ ವಿಷಯ ತಿಳಿಸಿರುವ
ತಮ್ಮ ವಿಶ್ವಾಸಿ,
(ಸಹಿ)
ಸಮಯಪಾಲಕ

ಅಡಕಗಳು:
1. ಮೂರು ವೀರ್ಯ ಪರೀಕ್ಷಾ ವರದಿಗಳು (ಒಂದನ್ನು ನೋಡಿದರೆ ಸಾಕು).
2. ಶನಿವಾರ 2.15ರ ರಸೀದಿ.
3. ತಂದೆಯವರ ಸೇವಾ ಪುಸ್ತಕದ ನಕಲು, ಎಲ್ಲ ಪುಟಗಳು.
4. ವಿಷಯ ತಿಳಿದ ಮೇಲೆ ಅರ್ಜಿದಾರನ ತಾಯಿ ತಪ್ಪಾಯಿತೆಂದು ಸೊಸೆಗೆ ಹೇಳಿದ ಮಾತು. ಬರೆದುಕೊಡಲು ಅವರು ಒಪ್ಪದ ಕಾರಣ ಲಗತ್ತಿಸಿಲ್ಲ.
5. ಬಾಟಲಿಗೆ ಅಂಟಿಸುವ ಚೀಟಿಗಳು, ಇಪ್ಪತ್ತನಾಲ್ಕು. ಶಾಲೆಯ ಜಾಡಿಗಳ ಮೇಲಿರುವ ಅದೇ ದುಂಡು ಅಕ್ಷರದಲ್ಲಿ ತಂದೆಯವರು ಕೂತು ಬರೆದದ್ದು: 'ಈ ದ್ರಾವಣ ಹಳದಿಯಾಗಿಯೇ ಇರಬೇಕು. ಯಾರೂ ಬದಲಾಯಿಸಬಾರದು.' ಅರ್ಜಿದಾರನಿಗೆ ಬೇಕಾಗಿರುವುದು ಒಂದು. ಉಳಿದ ಇಪ್ಪತ್ತಮೂರನ್ನು ಇದೇ ಪರೀಕ್ಷೆಯ ಸರದಿಯಲ್ಲಿರುವ ಇತರರ ಬಾಟಲಿಗಳಿಗೆ ಅಂಟಿಸಬೇಕಾಗಿ ತಂದೆಯವರ ಪ್ರತ್ಯೇಕ ಕೋರಿಕೆ. ಮುಗಿದರೆ ತಿಳಿಸಬೇಕು, ಅವರಿಗೆ ಶನಿವಾರ ಬಿಡುವಿದೆ.