ಹಿಮ ಕರಗಿದ ಖುಷಿಗೆ ಕೇಸರಿಬಾತು

ಯಾರನ್ನೂ ಕೇಳದೆ ತಾವೇ ಓದಿ ತಿಳಿದುಕೊಳ್ಳುತ್ತೇವೆಂದು ಹೊರಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ಸ್ವಲ್ಪ ಜಾಸ್ತಿಯೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಊರು ಬಿಟ್ಟು ಬಂದು, ಈ ದ್ವೀಪದೇಶದ ಕಲ್ಲಾಂಗ್ ಬಡಾವಣೆಯಲ್ಲಿ ಸ್ವಂತ ಅಡುಗೆಮನೆ ನಡೆಸಿ ಆಫೀಸುಗಳಿಗೆ ಊಟ ಕಳಿಸುತ್ತೇನೆ. ಬಿಡುವಾದಾಗ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಇಲ್ಲೇ ಬೆಳೆದ ಮಗಳು ದಕ್ಷಿಣ ಧ್ರುವದ ಕಡಲಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಈ ವರ್ಷ ಅವಳಿಗೆ ಅಲ್ಲಿಗೆ ಹೋಗುವ ಹಡಗಿನಲ್ಲಿ ಜಾಗ ಸಿಕ್ಕಿತು. ಅವಳು ಹೊರಡುವುದರೊಳಗೆ ಅವಳ ಕೆಲಸ ಏನೆಂದು ತಿಳಿಯಬೇಕೆಂಬುದೊಂದೇ ನನ್ನ ಆಸೆ. ಕೇಳಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ.

ಫ್ರೀಜರಿನ ನೀರು

ಹಿಮನದಿ ಕರಗಿದ ನೀರಿನಿಂದ ಕಡಲಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ ಎಂದು ಎಲ್ಲೋ ಓದಿದೆ. ಆ ವಾರ ಫ್ರೀಜರ್ ತೊಳೆದಾಗ, ಕೆರೆದ ಹಿಮವನ್ನೆಲ್ಲ ಬಕೆಟಿಗೆ ತುಂಬಿ ಕಾರಿಡಾರಿನ ಕರಿಬೇವಿನ ಗಿಡಕ್ಕೆ ಸುರಿದೆ. ಪಾಪ, ಗಿಡ ಎಲೆಯೆಲ್ಲ ಉದುರಿಸಿ ನಿಂತಿತು.

ಮಗಳು ತಲೆ ಚಚ್ಚಿಕೊಂಡಳು. ಸಿಟ್ಟು ಬಂದರೆ ಅವಳ ಮಾತಿಗೆ ಇಲ್ಲಿಯವರ ‘ಲಾ’ ಸೇರಿಕೊಳ್ಳುತ್ತದೆ. “ಅಮ್ಮಾ, ಬರೀ ಐಸ್‌ನಲ್ಲಿ ಏನೂ ಇಲ್ಲ ಲಾ! ಗ್ಲೇಸಿಯರ್ ಅಂದ್ರೆ ನಿನ್ನ ಗ್ರೈಂಡರ್ ಥರ. ಜಾರ್ತಾ ಜಾರ್ತಾ ಬಂಡೆನ ಅರೆದು ಹಿಟ್ಟು ಮಾಡತ್ತೆ. ಆ ಹಿಟ್ಟಲ್ಲಿರೋ ಕಬ್ಬಿಣ ನೀರಿನ ಜೊತೆ ಸಮುದ್ರಕ್ಕೆ ಹೋಗತ್ತೆ. ಅಲ್ಲಿ ಕಬ್ಬಿಣ ತುಂಬಾ ಕಮ್ಮಿ, ಅದಕ್ಕೇ ಪಾಚಿ ಕಾಯ್ತಾ ಇರತ್ತೆ.”

“ಅಷ್ಟೂ ನಂಗೆ ಗೊತ್ತು,” ಎಂದೆ.

“ಗೊತ್ತಿದ್ರೆ ಗಿಡಕ್ಕೆ ಯಾಕೆ ಹೀಗಾಯ್ತು?”

“ಗಿಡಕ್ಕೆ ಗೊತ್ತಿರ್ಲಿಲ್ಲ.”

ಅವಳು ಇನ್ನೂ ಏನೋ ಹೇಳಲು ಹೊರಟಿದ್ದಳು. ಅದನ್ನು ಅಲ್ಲೇ ಬಿಟ್ಟು ರೂಮಿಗೆ ಹೋದಳು.

ಸಿಹಿ ಹಂಚಿದ್ದು

ಪಾಚಿ ಬೆಳೆದರೆ ಅದನ್ನು ತಿನ್ನುವ ಸೀಗಡಿಯಂಥ ಜೀವಿಗಳಿಗೆ ಊಟ, ಅವನ್ನು ತಿನ್ನುವ ತಿಮಿಂಗಿಲಕ್ಕೂ ಊಟ. ಊಟ ಹಾಕುವವಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಕಡಲ ಪಕ್ಕದ ಪಾಸಿರ್ ರಿಸ್‌ನಲ್ಲಿ ಒಂದು ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಮನೆಗಳ ಕೆಳಗಿನ ತೆರೆದ ಜಾಗದಲ್ಲಿ, ನಮ್ಮ ಕನ್ನಡದವರು ಸೇರಿದ್ದಾಗ ಕೇಸರಿಬಾತು ಮಾಡಿಕೊಂಡು ಹೋದೆ.

ಅದೇ ಬ್ಲಾಕಿನ ಮೈಸೂರಿನ ಸಾಫ್ಟ್‌ವೇರ್ ಹುಡುಗ ಕೇಳಿದ, “ಏನ್ ಆಂಟಿ, ಏನು ವಿಶೇಷ?”

“ಧ್ರುವದಲ್ಲಿ ಹಿಮ ಕರಗ್ತಾ ಇದೆಯಪ್ಪ.”

ಅವನ ಚಮಚ ಅಲ್ಲೇ ನಿಂತಿತು. “ಆಂಟಿ, ಅದೆಲ್ಲ ಕರಗಿದ್ರೆ ಪಾಸಿರ್ ರಿಸ್ ಮುಳುಗತ್ತೆ! ನಾನು ಈಗ ತಾನೆ ಬೀಚ್ ಹತ್ತಿರ ಮನೆ ಬುಕ್ ಮಾಡಿದೀನಿ!”

ಜೊತೆಗೆ ಬಂದಿದ್ದ ಮಗಳು ಮೆಲ್ಲಗೆ ಅಂದಳು, “ಸ್ವಲ್ಪ ದಿನ ಊಟ ಸಿಗತ್ತೆ ಅಮ್ಮಾ. ಆದ್ರೆ ಹೋದ ಐಸ್ ವಾಪಸ್ ಬರಲ್ಲ.” ಇದು ಊಟ ಬಡಿಸುತ್ತಾ ಅಡುಗೆಮನೆಯನ್ನೇ ಕೆಡವಿದ ಹಾಗೆ ಎಂದು ನನಗೆ ಆಗ ಹೊಳೆಯಿತು. ಪಾತ್ರೆಗೆ ಮುಚ್ಚಳ ಹಾಕಲು ಹೋದೆ. ಸಾಫ್ಟ್‌ವೇರ್ ಹುಡುಗ ತಟ್ಟೆ ಚಾಚಿದ.

“ಮುಳುಗೋ ಮುಂಚೆ ಇನ್ನೊಂದು ಸೌಟು ಹಾಕಿ ಆಂಟಿ.”

ಹಡಗು ಹತ್ತಿದ ಕಾವಲಿ

ಮಗಳು ಹೊರಡುವ ದಿನ ಬಂದೇಬಿಟ್ಟಿತು. ಕೇಳಬೇಕಾದ್ದೆಲ್ಲ ಕೇಳದೆಯೇ ಉಳಿಯಿತು. ಅಲ್ಲಿ ಕಬ್ಬಿಣ ಕಮ್ಮಿ ಎಂದಿದ್ದಳಲ್ಲ, ಮಗು ರಕ್ತಹೀನತೆಯಿಂದ ಸೊರಗಬಾರದೆಂದು ಅವಳಿಗೆ ಹೇಳದೆ ಉಣ್ಣೆಬಟ್ಟೆಗಳ ನಡುವೆ ಕಬ್ಬಿಣದ ದೋಸೆ ಕಾವಲಿ ಇಟ್ಟೆ.

ಹಡಗಿನಿಂದ ಫೋನು ಬಂತು. “ಅಮ್ಮಾ! ನಾವು ಅಳೆಯೋದೇ ಆ ನೀರಲ್ಲಿರೋ ಕಬ್ಬಿಣನ! ಒಂದು ಚೂರು ತುಕ್ಕು ಬಿದ್ರೂ ಸ್ಯಾಂಪಲ್ ಹಾಳು. ನಮ್ ಲ್ಯಾಬಲ್ಲಿ ಬಾಟ್ಲಿ, ಪೈಪು ಎಲ್ಲಾ ಪ್ಲಾಸ್ಟಿಕ್. ನಮ್ಮ ಬಾಸ್ ನಿನ್ನ ಕಾವಲಿಗೆ ಕವರ್ ಮೇಲೆ ಕವರ್ ಸುತ್ತಿ, ಬಾಂಬ್ ಹಿಡ್ಕೊಂಡ ಹಾಗೆ ಹಿಡ್ಕೊಂಡು ಹೋದ್ರು!”

ನಾನು ಸೋಲುವವಳಲ್ಲ. “ನಿಮ್ಮ ಹಡಗೇನು ಮರದ್ದಾ?”

ಮಗಳು ನಕ್ಕುಬಿಟ್ಟಳು. ನಗುತ್ತಲೇ ಶುರುಮಾಡಿದಳು: ಹಡಗಿನ ಮೈಗೆ ತಾಗದ ಹಾಗೆ ದೂರದಿಂದ ನೀರು ಎಳೆಯುವುದು, ಕೈಗವಸು, ಬಾಟಲಿಯನ್ನು ಆಸಿಡ್‌ನಲ್ಲಿ ತೊಳೆಯುವುದು. ಊಟದ ಮೇಜಿನಲ್ಲಿ ಎದುರಿಗೇ ಕೂತಿದ್ದವಳ ಮಾತನ್ನು ಭೂಮಿಯ ತುದಿಯಿಂದ ಕೇಳಿಸಿಕೊಂಡೆ. ಎಷ್ಟು ಚೆನ್ನಾಗಿ ಹೇಳುತ್ತಾಳೆ!

“ಅರ್ಥ ಆಯ್ತಾ ಅಮ್ಮಾ?”

“ಇಲ್ಲ ಕಣೇ. ಇನ್ನೊಂದು ಸಲ ಹೇಳು.”

ಆ ಕಡೆಯಿಂದ ಗಾಬರಿಯ ದನಿ: “ಅಮ್ಮಾ, ಮೈ ಹುಷಾರಿಲ್ವಾ? ಅಪ್ಪಂಗೆ ಫೋನ್ ಕೊಡು!”