ಜೀವಕೋಶದ ಮಾದರಿಯಲ್ಲಿ ಕಟ್ಟಿಟ್ಟ ಪಟ್ಟದ ಗೊಂಬೆ

ಸಾಮಾನು ಕಟ್ಟಿಡುವುದರಲ್ಲಿ ನನ್ನನ್ನು ಮೀರಿಸುವವರು ಎನ್.ಆರ್. ಕಾಲೋನಿಯಲ್ಲೇ ಇಲ್ಲ ಎಂದು ನಾನು ಒಂದು ವರ್ಷ ಪೂರ್ತಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಆಳುದ್ದದ ಡಿಎನ್‌ಎ ಎಳೆ, ಕಣ್ಣಿಗೇ ಕಾಣದ ಜೀವಕೋಶದೊಳಗೆ ಹೇಗೆ ಅಡಗಿ ಕೂತಿದೆ ಎಂದು ವರ್ಷಾವರ್ಷ ಪಾಠ ಮಾಡುವವನು. ಒಂದು ಪ್ರೋಟೀನಿನ ಮಣಿ, ಅದಕ್ಕೆ ಎರಡು ಸುತ್ತು ಎಳೆ, ಮತ್ತೊಂದು ಮಣಿ, ಮತ್ತೆರಡು ಸುತ್ತು. ಆಮೇಲೆ ಆ ಮಣಿಸರವನ್ನೇ ಮಡಿಸಿ, ಒತ್ತಿ, ತುರುಕುವುದು. ಇಷ್ಟು ಬಲ್ಲವನಿಗೆ ದಸರಾ ಗೊಂಬೆಗಳನ್ನು ಟ್ರಂಕಿಗೆ ತುಂಬುವುದು ಯಾವ ಮಹಾ ಕೆಲಸ!

ಆ ಸಲ ಹಬ್ಬ ಮುಗಿಯುವ ಹೊತ್ತಿಗೆ ಹೆಂಡತಿ ಸುಮಿತ್ರೆಗೆ ಜ್ವರ ಬಂದು, ಗೊಂಬೆ ಎತ್ತಿಡುವ ಹೊಣೆ ನನ್ನ ಮೇಲೆ ಬಿತ್ತು. ಅವಳು ಮಲಗಿದ್ದಲ್ಲಿಂದಲೇ ಏನೋ ಕೂಗಿ ಹೇಳಿದಳು. ನಾನು "ಹೂಂ, ಹೂಂ" ಎಂದೆ. ಗೊಂಬೆಗೆ ಸುತ್ತಲೆಂದೇ ಇಟ್ಟಿದ್ದ ಹಳೆಯ ನೂಲಿನ ಸೀರೆಗಳನ್ನು ತುದಿಗೆ ತುದಿ ಗಂಟು ಹಾಕಿ ಒಂದೇ ಎಳೆ ಮಾಡಿದೆ. ಶ್ರೇಷ್ಠವಾದದ್ದು ಕೇಂದ್ರದಲ್ಲಿರಬೇಕಲ್ಲ? ಹಾಗಾಗಿ ಪಟ್ಟದ ಗೊಂಬೆಗಳಾದ ರಾಜ ರಾಣಿಯರಿಂದಲೇ ಆರಂಭಿಸಿ, ಒಂದೊಂದು ಗೊಂಬೆಗೂ ಎರಡೆರಡು ಸುತ್ತು ಹಾಕುತ್ತ, ಎಲ್ಲವನ್ನೂ ಒಂದೇ ಉಂಡೆಯಾಗಿ ಬಿಗಿದೆ. ಎರಡು ಟ್ರಂಕಿನ ಗೊಂಬೆಗಳು ಒಂದೇ ಟ್ರಂಕಿಗೆ ಹಿಡಿದವು! ಅದನ್ನು ಅಟ್ಟಕ್ಕೇರಿಸಿದ ದಿನ ನನಗೆ ಕಾಫಿ ಕೂಡ ಹೆಚ್ಚು ರುಚಿಯಾಗಿತ್ತು.

ಮರುವರ್ಷ ನವರಾತ್ರಿಯ ಮೊದಲ ದಿನ ಶುಕ್ರವಾರ ಬಂತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ರಾಜ ರಾಣಿಯರನ್ನು ಕೂರಿಸಬೇಕು. ಉಳಿದ ಗೊಂಬೆಗಳೆಲ್ಲ ಅವರ ನಂತರವೇ. ಈ ಜೋಡಿ ಸುಮಿತ್ರೆಯ ಅಮ್ಮ ಮದುವೆಯಲ್ಲಿ ಕೊಟ್ಟದ್ದು. ಅತ್ತೆಯವರ ಕಣ್ಣಿಗೆ ಪೊರೆ ಬಂದು ಹಲವು ವರ್ಷಗಳಾಗಿದ್ದವು. ಪ್ರತಿ ದಸರಾಕ್ಕೂ ಚಾಮರಾಜಪೇಟೆಯಿಂದ ಬಂದು, ಆ ಗೊಂಬೆಗಳ ಮುಖವನ್ನು ಬೆರಳಿನಿಂದ ಸವರಿ ಹೋಗುತ್ತಿದ್ದರು. ಹಿಂದಿನ ತಿಂಗಳಷ್ಟೇ ಆಪರೇಷನ್ ಆಗಿ, ಮೊನ್ನೆ ಮೊನ್ನೆ ಕನ್ನಡಕ ಬಂದಿತ್ತು. ಹಿಂದಿನ ದಿನವೇ ಫೋನ್ ಮಾಡಿದ್ದರು.

"ಈ ಸಲ ಮುಟ್ಟೋದಲ್ಲ ಕಣೇ ಸುಮಿ, ನೋಡ್ತೀನಿ!"

ಸುಮಿತ್ರೆ ಫೋನ್ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಬೆಳಿಗ್ಗೆ ಟ್ರಂಕು ಇಳಿಸಿದೆ. ಸುಮಿತ್ರೆ ಮುಚ್ಚಳ ತೆರೆದಳು.

"ರೀ, ಏನಿದು?"

"ಪ್ರಕೃತಿಯ ವಿಧಾನ," ಎಂದೆ ಗಾಂಭೀರ್ಯದಿಂದ.

"ಪಟ್ಟದ ಗೊಂಬೆ ಎಲ್ಲಿ?"

"ಕೇಂದ್ರದಲ್ಲಿ."

"ಅದು ಮೊದಲು ಬೇಕಾಗತ್ತೆ, ಮೇಲಿಡಿ ಅಂತ ಜ್ವರದಲ್ಲೂ ಕೂಗಿ ಹೇಳಿದ್ನಲ್ರೀ!"

ಆ "ಹೂಂ, ಹೂಂ" ಯಾವುದಕ್ಕೆ ಎಂದು ನನಗೆ ಆಗ ತಿಳಿಯಿತು.

ಉಂಡೆಯನ್ನು ಬಿಚ್ಚಲು ಕೂತೆವು. ಮೊದಲು ಶೆಟ್ಟಿ ದಂಪತಿಯ ಗೊಂಬೆಗಳು ಹೊರಬಂದವು, ಆಮೇಲೆ ಬ್ಯಾಂಡಿನ ಸಿಪಾಯಿಗಳು. ಬಿಚ್ಚಿದ ಸೀರೆ ನಡುಮನೆ ದಾಟಿ, ವೆರಾಂಡ ದಾಟಿ, ಗೇಟಿನವರೆಗೆ ಹೋಯಿತು. ರಾಜರ ಸುಳಿವಿಲ್ಲ! ತಾಳ್ಮೆಗೆಟ್ಟ ನಾನು ಒಳಗೆ ಕೈ ತೂರಿಸಿ ಜಗ್ಗಿದೆ. ಉಂಡೆ ಇನ್ನಷ್ಟು ಬಿಗಿಯಿತು. ಇನ್ನೊಂದು ಕಡೆಯಿಂದ ಜಗ್ಗಿದೆ. ಆನೆಯ ಸೊಂಡಿಲು ಕೈಗೆ ಬಂತು. ಆನೆ ಬರಲಿಲ್ಲ!

ಪಕ್ಕದ ಮನೆಯ ರಂಗರಾಯರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ಮೇಷ್ಟ್ರೇ, ಸೀರೆ ಅಂಗಡಿ ಇಟ್ಬಿಟ್ರಾ?"

"ಇಲ್ಲ ರಾಯರೇ, ಇದು ಡಿಎನ್‌ಎ."

ರಾಯರು ಸುಮಿತ್ರೆಯ ಕಡೆ ಅನುಕಂಪದಿಂದ ನೋಡಿ ಒಳಗೆ ಹೋದರು.

ನಾನು ಕತ್ತರಿ ತರಲು ಎದ್ದೆ. "ಬೇಡ," ಎಂದಳು ಸುಮಿತ್ರೆ. ಅವಳ ಕೈಯಲ್ಲಿ ಒಂದು ತಿಳಿ ಹಸಿರು ಸೀರೆಯ ಸೆರಗಿತ್ತು. "ಇದು ನನ್ನ ಮೊದಲ ಸಂಬಳದ್ದು. ಗಾಂಧಿ ಬಜಾರಲ್ಲಿ ತಗೊಂಡಿದ್ದು, ನಾನು ಅಮ್ಮ ಹೋಗಿ." ನಾನು ಅದನ್ನು ಹಳೇ ಬಟ್ಟೆ ಎಂದುಕೊಂಡಿದ್ದೆ. ಮದುವೆಗೆ ಮುಂಚೆ ಅವಳು ಕೆಲಸಕ್ಕೆ ಹೋಗುತ್ತಿದ್ದಳೆಂದು ಗೊತ್ತಿತ್ತು. ಆ ಸಂಬಳದಲ್ಲಿ ಏನು ಕೊಂಡಳೆಂದು ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು.

ನಾಚಿಕೆ ಮರೆಸಲು ಪಾಠ ಶುರು ಮಾಡಿದೆ. ಮೇಷ್ಟ್ರುಗಳ ಹಳೆಯ ಚಾಳಿ.

"ನೋಡು, ಕಣ್ಣಿನ ಜೀವಕೋಶದಲ್ಲೂ ಹೊಟ್ಟೆಯ ಜೀವಕೋಶದಲ್ಲೂ ಇರೋದು ಒಂದೇ ಎಳೆ. ಕಣ್ಣಿಗೆ ಬೇಕಾದ ಭಾಗ ಕಣ್ಣಲ್ಲಿ ಸಡಿಲವಾಗಿರತ್ತೆ, ಉಳಿದದ್ದು ಬಿಗಿ. ಮುಚ್ಚಿದ್ದು ಕಳೆದುಹೋಗಿರಲ್ಲ, ಕೈಗೆ ಸಿಗಲ್ಲ ಅಷ್ಟೇ."

"ಯಾವುದು ಸಡಿಲ ಇರಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗತ್ತೆ?"

"ಹೊರಗಿಂದ ಸೂಚನೆ ಬರತ್ತೆ. ಹಸಿವಾದ್ರೆ ಒಂದು, ಭಯ ಆದ್ರೆ ಒಂದು. ಆಗ ಆ ಜಾಗದ ಮಣಿಗೆ ಒಂದು ಪುಟ್ಟ ಗುರುತು ಅಂಟಿಕೊಂಡು ಹಿಡಿತ ಸಡಿಲಾಗತ್ತೆ. ಕೆಲವೊಮ್ಮೆ ಮಣಿಯೇ ಎಳೆಯ ಮೇಲೆ ಸರಿದು ದಾರಿ ಬಿಡತ್ತೆ."

"ಅಂದ್ರೆ, ಅಷ್ಟು ಸಣ್ಣ ಕೋಶ ಹೊರಗಿನವರು ಹೇಳಿದ್ದನ್ನ ಕೇಳಿಸ್ಕೊಳ್ಳತ್ತೆ," ಎಂದಳು ಸುಮಿತ್ರೆ, ಗಂಟು ಬಿಚ್ಚುತ್ತಲೇ. ಏಟು ಯಾರಿಗೆಂದು ನನಗೆ ಗೊತ್ತಾಯಿತು.

ಇಷ್ಟು ವರ್ಷ ನಾನು ತುಂಬುವ ಜಾಣ್ಮೆಯನ್ನೇ ದೊಡ್ಡದು ಮಾಡಿ ಪಾಠ ಹೇಳಿದ್ದೆ. ತುರುಕುವುದು ಯಾರಿಗೂ ಬರುತ್ತದೆ. ಬೇಕೆಂದಾಗ ಬೇಕಾದದ್ದು ಸಿಗುವಂತೆ ಇಡುವುದೇ ಬದುಕು. ಪಾಠದ ಆ ಅರ್ಧವನ್ನು ನಾನು ಯಾವಾಗಲೂ ಗಂಟೆ ಹೊಡೆಯುವ ಹೊತ್ತಿಗೆ, ಓಡಿಸಿಕೊಂಡು ಮುಗಿಸುತ್ತಿದ್ದೆ.

ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತಿತು. ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು, ನೆಲದಲ್ಲಿ ಹರಡಿದ್ದ ಸೀರೆಗಳನ್ನು ಜೋಪಾನವಾಗಿ ದಾಟಿ ಬಂದರು. "ಗೊಂಬೆ ಎಲ್ಲೇ ಸುಮಿ?" ಸುಮಿತ್ರೆ ಉಂಡೆಯನ್ನು ತೋರಿಸಿದಳು. ಗಡಿಯಾರ ಹತ್ತು ದಾಟಿತ್ತು.

ಅತ್ತೆ ಬೈಯಲಿಲ್ಲ. ಅಷ್ಟು ಹೊತ್ತಿಗೆ ಚಿಕ್ಕದಾಗಿದ್ದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಬಟ್ಟೆಯ ಮೇಲಿಂದಲೇ ತಡವಿದರು. "ಇಲ್ಲಿ ಕಿರೀಟ ಸಿಗ್ತಿದೆ ನೋಡು. ಇದು ರಾಜ. ಪಕ್ಕದಲ್ಲೇ ರಾಣಿ."

ನನಗೆ ಬೇಕಾಗಿದ್ದ ಸೂಚನೆ ಬಂದಿತ್ತು! ಎಲ್ಲವನ್ನೂ ಬಿಚ್ಚಬೇಕಾಗಿರಲಿಲ್ಲ. ಅವರು ಬೆರಳಿಟ್ಟ ಕಡೆ ಮಾತ್ರ ಸುತ್ತುಗಳನ್ನು ಆಚೀಚೆ ಸರಿಸಿದೆ. ಸುಮಿತ್ರೆ ಸಡಿಲವಾದ ಬಟ್ಟೆಯನ್ನು ಹಿಡಿದುಕೊಂಡಳು. ಮೊದಲು ರಾಣಿ, ಆಮೇಲೆ ರಾಜ, ಪಕ್ಕದಿಂದ ಮೆಲ್ಲಗೆ ಜಾರಿ ಹೊರಬಂದರು. ರಾಹುಕಾಲಕ್ಕೆ ಮುಂಚೆಯೇ ಇಬ್ಬರೂ ಮಂಟಪದಲ್ಲಿ ಕೂತರು.

ಅತ್ತೆ ಹತ್ತಿರ ಹೋಗಿ ನೋಡಿದರು. ತುಂಬ ಹೊತ್ತು ನೋಡಿದರು. "ರಾಣಿ ಹುಬ್ಬು ನಾನೇ ತಿದ್ದಿದ್ದು, ಹಾಗೇ ಇದೆ," ಎಂದು ಅತ್ತರು. ಸುಮಿತ್ರೆಯೂ ಅತ್ತಳು. ನನಗೂ ಕಣ್ಣು ತುಂಬಿತು. ಜೊತೆಗೆ ಕೊಂಚ ಹೆಮ್ಮೆಯೂ ಆಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ವಿಜ್ಞಾನವೇ ತಾನೆ? ಹೊಗಳಿಕೆಯ ಒಂದು ಮಾತಿಗಾಗಿ ಮುಂದೆ ಹೋಗಿ ನಿಂತೆ.

ಅತ್ತೆ ತಿರುಗಿ, ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ದಿಟ್ಟಿಸಿದರು.

"ಸುಮಿ, ಈ ಯಜಮಾನರು ಯಾರೇ?"

"ಅಮ್ಮಾ! ನಿನ್ನ ಅಳಿಯ!"

"ಅಯ್ಯೋ ಶಿವನೇ! ತಲೆ ತುಂಬ ಕೂದಲಿತ್ತಲ್ಲೇ ಅವರಿಗೆ! ಎಲ್ಲ ಎಲ್ಲಿ ಹೋಯ್ತು?"

ಎಲ್ಲೂ ಹೋಗಿಲ್ಲ, ಕೂದಲು ಬೆಳೆಸುವ ವಿದ್ಯೆ ನನ್ನ ನೆತ್ತಿಯ ಒಂದೊಂದು ಜೀವಕೋಶದಲ್ಲೂ ಭದ್ರವಾಗಿದೆ ಎಂದು ವಿವರಿಸಲು ಬಾಯಿ ತೆರೆದೆ. ಸುಮಿತ್ರೆ ನನಗಿಂತ ಮುಂಚೆಯೇ ಹೇಳಿಬಿಟ್ಟಳು.

"ಇದೆ ಅಮ್ಮ, ಒಳಗಡೆ ಎಲ್ಲೋ ಇದೆ. ಇವರೇ ಪ್ಯಾಕ್ ಮಾಡಿರಬೇಕು!"