ಮಡಿಯೂ ಅವರೇ, ಮೈಲಿಗೆಯೂ ಅವರೇ

ಕುಂದಾಪುರ ತಾಲೂಕಿನಲ್ಲಿ ಅವರಷ್ಟು ಮಡಿಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಅವರಷ್ಟು ಮೈಲಿಗೆಯ ಮನುಷ್ಯನೂ ಇನ್ನೊಬ್ಬರಿರಲಿಲ್ಲ. ಎರಡೂ ಒಬ್ಬರೇ ಆಗುವುದು ಹೇಗೆ ಅಂತ ಕೇಳುತ್ತೀರಾ? ಒಂದೇ ದಿನ, ಒಂದೇ ಪಂಚೆ ಉಟ್ಟುಕೊಂಡು, ಎದುರಿಗೆ ಬಂದ ಕೆಲಸ ಯಾವುದು ಎಂದು ನೋಡಿಕೊಂಡು ಅವರು ಬದಲಾಗುತ್ತಿದ್ದರು. ಅವರ ಜೋಡಿಯಾಗಿ ದುಡಿದವನು ನಾನು. ದುಡಿದವನು ನಾನು ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ಹೆಸರು ಹೇಳುವುದಿಲ್ಲ. ಅವರ ತಮ್ಮನ ಮಕ್ಕಳು ಮೊಮ್ಮಕ್ಕಳು ಈಗಲೂ ಬ್ರಹ್ಮಾವರದಲ್ಲಿದ್ದಾರೆ. ಕಂಡಾಗಲೆಲ್ಲ ಊಟಕ್ಕೆ ಕರೆಯುತ್ತಾರೆ. ಈ ವಯಸ್ಸಿನಲ್ಲಿ ಒಂದು ಒಳ್ಳೆಯ ಊಟ ಕಳೆದುಕೊಳ್ಳುವ ಇರಾದೆ ನನಗಿಲ್ಲ.

ಆಗ ಯುದ್ಧದ ಕಾಲ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ರೇಷನ್ನಿಲ್ಲದೆ ಧಾರಾಳವಾಗಿ ಸಿಗುತ್ತಿದ್ದದ್ದು ಕೆಲಸ ಒಂದೇ. ಅದರಲ್ಲೂ ತಮ್ಮ ಪಾಲನ್ನು ಅವರು ನನಗೇ ಬಿಟ್ಟುಕೊಟ್ಟಿದ್ದರು. ಎಂಥ ಉದಾರ ಮನಸ್ಸು ನೋಡಿ!

ಕೋಟದ ಕಡೆಯ ಐತಾಳರೊಬ್ಬರು ಮದುವೆ, ಉಪನಯನಗಳ ಅಡುಗೆ ಹಿಡಿಯುತ್ತಿದ್ದರು. ಅವರ ಕೈಕೆಳಗೆ ನಾವಿಬ್ಬರು. ಐತಾಳರದು ಒಲೆಯ ಮುಂದಿನ ಕೆಲಸ. ಕಾಯಿ ಹೆರೆಯುವುದು, ಅರೆಯುವುದು, ನೀರು ಸೇದುವುದು, ಸೌದೆ ಒಡೆಯುವುದು ನಮ್ಮಿಬ್ಬರದು. ನನ್ನ ಜೋಡಿಯವರು ನನಗಿಂತ ಹಿರಿಯರು, ಹಾಗಾಗಿ ನಾನು ‘ಭಟ್ರೇ’ ಅನ್ನುತ್ತಿದ್ದೆ. ಅವರು ನನ್ನನ್ನು ‘ಮಾಣಿ’ ಅನ್ನುತ್ತಿದ್ದರು. ನನಗೆ ಮದುವೆಯಾಗಿದ್ದರೂ ಮಾಣಿಯೇ.

ಅಡುಗೆಮನೆಯ ಕಾನೂನು ಸರಳ. ಒಳಗೆ ಕೆಲಸ ಮಾಡುವವನು ಮಿಂದು ಮಡಿ ಉಟ್ಟಿರಬೇಕು, ಹೊರಗಿನದನ್ನು ಮುಟ್ಟಬಾರದು. ಹೊರಗಿನ ಕೆಲಸಕ್ಕೆ ಹೋದವನು ಮೈಲಿಗೆ, ಮತ್ತೆ ಮೀಯದೆ ಒಳಗೆ ಕಾಲಿಡಬಾರದು. ಈ ಕಾನೂನು ಮಾಡಿದ ಹಿರಿಯರು ಯಾರೋ, ನಮ್ಮ ಭಟ್ಟರನ್ನು ಕೇಳಿಕೊಂಡೇ ಮಾಡಿರಬೇಕು. ಸೌದೆ ಒಡೆಯುವ ಹೊತ್ತಿಗೆ ಅವರು ಮಡಿ. ಕಾಯಿ ಹೆರೆಯುವ ಹೊತ್ತಿಗೆ ಮೈಲಿಗೆ. ನಡುವೆ ಉಳಿದ ಹೊತ್ತು ಸ್ನಾನ.

ಗುಲ್ವಾಡಿಯ ಒಂದು ಮದುವೆ. ಒಡೆದ ಕಾಯಿ ರಾಶಿ ಬಿದ್ದಿದೆ. ನಾನು ಹೆರೆಮಣೆ ಹತ್ತಿ ಕೂತು ಅವರನ್ನು ಕರೆದೆ.

“ಹ್ವಾಯ್ ಭಟ್ರೇ, ಕಾಯಿ ಹೆರೂಕೆ ಬನ್ನಿ.”

“ಬಪ್ಪುಕೆ ಅಡ್ಡಿಲ್ಲ ಮಾಣಿ. ಬೆಕ್ಕ್ ಮುಟ್ತ್ ಮಾರಾಯ.”

“ಬೆಕ್ಕ್ ಎಲ್ಲಿತ್?”

“ಈಗ ಇದ್ದಿತ್. ಹೋಯ್ತ್.”

ಹಾಗಾದರೆ ಮಿಂದು ಬನ್ನಿ ಎಂದೆ. ಗುಲ್ವಾಡಿಯಲ್ಲಿ ಹೊಳೆ ಹತ್ತಿರವೇ ಇದೆ. ಹತ್ತಿರವಿದ್ದದ್ದೇ ತಪ್ಪಾಯಿತು. ಮಿಂದು ಬರುವ ದಾರಿಯಲ್ಲಿ ಅದೇ ಬೆಕ್ಕು ಮತ್ತೆ ಸಿಕ್ಕಿತಂತೆ. ಪುನಃ ಹೊಳೆಗೆ ಹೋದರು. ಕಾಯಿ ಮುಗಿದು, ಅರೆದದ್ದೂ ಮುಗಿದು, ಚಪ್ಪರದಲ್ಲಿ ಎಲೆ ಹಾಕುವಾಗ ತಲೆ ಒರೆಸಿಕೊಳ್ಳುತ್ತ ಬಂದರು. ಊಟದ ಎಲೆಯ ಮುಂದೆ ಕೂತಾಗ ಮಾತ್ರ ಯಾವ ಬೆಕ್ಕೂ ಅವರನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ.

ನಾನು ಐತಾಳರಿಗೆ ದೂರು ಹೇಳಿದೆ. ಐತಾಳರು ನ್ಯಾಯವಂತರು. ಬೈಂದೂರಿನ ಮದುವೆಯ ದಿನ ಬೆಳಿಗ್ಗೆಯೇ ಭಟ್ಟರನ್ನು ಎದುರಿಗೆ ನಿಲ್ಲಿಸಿಕೊಂಡರು. “ಕಾಣಿ, ಇವತ್ ನೀವ್ ಮಡಿಯಾ, ಮೈಲಿಗೆಯಾ? ಒಂದ್ ಹೇಳಿ. ಹೇಳಿದ್ ಮೇಲೆ ಸಂಜಿ ತನ್ಕ ಅದೇ.”

ಭಟ್ಟರು ಆಕಾಶ ನೋಡಿದರು. ಸೌದೆಯ ರಾಶಿ ನೋಡಿದರು. “ಮಡಿ” ಎಂದರು.

ಅರೆಯುವ ಕಲ್ಲಿನ ಮುಂದೆ ಕೂರಿಸಿದೆವು. ನನಗೆ ಗೆದ್ದಷ್ಟು ಖುಷಿ. ಅವರು ಗುಂಡುಕಲ್ಲಿನ ಮೇಲೆ ಕೈಯಿಟ್ಟವರು ಹಾಗೆಯೇ ನಿಲ್ಲಿಸಿದರು.

“ಮಾಣಿ, ಈ ಕಲ್ ಯಾರ ಮನಿದ್?”

“ಪಕ್ಕದ್ ಮನಿದ್. ಕೇಳಿ ತಂದದ್.”

“ಆ ಮನಿಯಂಗ್ ಸೂತಕ ಗೀತಕ ಎಂತಾರೂ ಇತ್ತಾ? ಕೇಂಡ್ಕಂಡ್ ಬಾ ಕಾಂಬ. ಸುಮ್ನೆ ಮದ್ವಿ ಮನಿಗ್ ಯಾಕೆ ಅಪಚಾರ?”

ನೋಡಿ, ನಾನು ಹೋದೆ! ಹೋಗಿ, ಪಕ್ಕದ ಮನೆಯ ಜಗಲಿಯಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು ಮದುವೆಗೆ ಹೊರಟು ನಿಂತಿದ್ದ ಮುದುಕಿಯೊಬ್ಬಳನ್ನು, “ಅಮ್ಮ, ನಿಮ್ಮ ಮನಿಯಂಗ್ ಯಾರಾರೂ ಸತ್ತಿದ್ರಾ?” ಎಂದು ಕೇಳಿದೆ. ಆಕೆ ನೆರಿಗೆ ಬಿಟ್ಟು ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡಳು. ಬೇಲಿ ಹಾರಿ ಬಂದೆ. ಭಟ್ಟರು ಶಾಂತವಾಗಿ, “ಎಂತ ಅಂದ್ರ್?” ಎಂದರು.

“ಹಿಡಿಸೂಡಿ ತಕಂಡ್ ಅಟ್ಟಿಸ್ಕಂಡ್ ಬಂದ್ರ್.”

“ಸಿಟ್ಟ್ ಬಂತಂದ್ರೆ ಎಂತದೋ ಇತ್ ಅಂತಾಯ್ತ್. ನಾನ್ ಮುಟ್ಟುದಿಲ್ಲಪ್ಪ.”

ಕಲ್ಲಿಗೆ ನೀರು ಹೊಯ್ದು ತೊಳೆದು ಅರೆದದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ನನಗೂ ಸಿಟ್ಟು ಇಲ್ಲವೇ? ಬ್ರಹ್ಮಾವರದ ಒಂದು ಉಪನಯನದಲ್ಲಿ ನಾನೂ ಮುಷ್ಕರ ಹೂಡಿದೆ. “ನನ್ನನ್ನೂ ಬೆಕ್ಕು ಮುಟ್ಟಿತು” ಎಂದು ಹೋಗಿ ಅವರ ಪಕ್ಕದಲ್ಲೇ ಜಗಲಿಯಲ್ಲಿ ಕೂತೆ. ಅವರು ಸಂತೋಷದಿಂದ ಜಾಗ ಮಾಡಿಕೊಟ್ಟರು, ಕವಳಕ್ಕೆ ವೀಳ್ಯದೆಲೆಯನ್ನೂ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು, “ಮಾಣಿ, ನಿಂಗ್ ಇದ್ ಬತ್ತಿಲ್ಲ” ಎಂದರು.

“ಎಂತ?”

“ಸುಮ್ನೆ ಕೂಕಂಬುದ್. ನಿನ್ನ ಕೈ ಕಾಣ್.”

ನೋಡಿದೆ. ಪಕ್ಕದಲ್ಲಿದ್ದ ತೆಂಗಿನಕಾಯಿಯ ಜುಟ್ಟನ್ನು ನನ್ನ ಕೈ ತನ್ನಷ್ಟಕ್ಕೇ ಕೀಳುತ್ತಿತ್ತು. ಆಗಲೇ ಮೂರೋ ನಾಲ್ಕೋ ಕಾಯಿ ನುಣ್ಣಗಾಗಿದ್ದವು. ನಾಚಿಕೆಯಾಗಿ ಎದ್ದು ಒಳಗೆ ಹೋದೆ. ಮುಷ್ಕರ ಅಲ್ಲಿಗೆ ಮುಗಿಯಿತು.

ಮತ್ತೆ ಅವರನ್ನು ಸಹಿಸಿಕೊಂಡದ್ದು ಹೇಗೆ? ಹೇಳಬಾರದು, ಆದರೂ ಹೇಳುತ್ತೇನೆ. ಅವರು ಮೈಲಿಗೆಯಾಗಿ ಹೊಸಿಲಿನ ಆಚೆ ಕೂತು ಮಾತಾಡುತ್ತಿದ್ದರು. ಯಾವ ಮನೆಯ ಮದುವಣಿಗ ಧಾರೆಯ ಹೊತ್ತಿಗೆ ನಿದ್ದೆ ಹೋದ, ಯಾವ ಬೀಗರು ಉಪ್ಪಿನಕಾಯಿಗೆ ಮುನಿಸಿಕೊಂಡು ಹೊಳೆ ದಾಟಿ ಹೋದರು, ಎಲ್ಲ ಕಥೆ. ನಾನು ನಗುತ್ತ ಅರೆಯುತ್ತಿದ್ದೆ. ಕಲ್ಲು ತಿರುಗಿದ್ದೇ ತಿಳಿಯುತ್ತಿರಲಿಲ್ಲ. ಐತಾಳರು ಒಮ್ಮೆ, “ಅವ್ರ್ ಮಾತ್ ನಿಲ್ಸಿದ್ರೆ ನಿನ್ನ ಕೈಯೂ ನಿಲ್ತತ್ ಮಾಣಿ” ಎಂದಿದ್ದರು. ಒಪ್ಪಿಕೊಳ್ಳಲು ಇಷ್ಟವಿರಲಿಲ್ಲ, ಆದರೂ ಹೌದು.

ಒಂದು ವಿಷಯಕ್ಕೆ ಮಾತ್ರ ನಗು ಬರಲಿಲ್ಲ. ನನ್ನ ಹೆಂಡತಿಯ ತವರು ತಲ್ಲೂರು. ಮೊದಲ ಬಸುರಿಗೆ ಅಲ್ಲಿದ್ದಳು. ದಿನ ತುಂಬುವ ಮೊದಲೇ ನೋವು ಬಂತೆಂದು ಹೇಳಿಕಳಿಸಿದಾಗ ನಾನು ಯಾರದೋ ಮದುವೆಯ ಅಡುಗೆಯಲ್ಲಿದ್ದೆ. ಅವತ್ತೂ ಭಟ್ಟರು ಮೀಯಲು ಹೋದವರು ಬರಲಿಲ್ಲ. ಅವರ ಪಾಲನ್ನೂ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ನಡೆದು, ಹೊಳೆ ದಾಟಿ ತಲ್ಲೂರು ಮುಟ್ಟಿದಾಗ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಅದರ ಮುಖ ನಾನು ನೋಡಲಿಲ್ಲ. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. “ನೀವ್ ಬತ್ರಿ ಅಂದೇಳಿ ಬಾಗಿಲೇ ಕಾಣ್ತಾ ಇದ್ದೆ” ಎಂದಳು, ಅಷ್ಟೇ.

ಕೆಲಸಕ್ಕೆ ಮರಳಿದ ದಿನ ಭಟ್ಟರ ಎದುರು ನಿಂತು ಹೇಳಿಬಿಟ್ಟೆ, “ನಿಮ್ಮಿಂದ ನಂಗ್ ಬಸ್ ತಪ್ಪಿತ್.” ಅವರಿಗೆ ಯಾವತ್ತೂ ಮಾತಿಗೆ ಬರವಿರಲಿಲ್ಲ. ಅವತ್ತು ಎದ್ದು ಸೌದೆಯ ರಾಶಿಯ ಹಿಂದೆ ಹೋಗಿ ಕೂತರು. ಬದಲಾದರೋ? ಎಲ್ಲಿಂದ! ಮುಂದಿನ ಮದುವೆಯಲ್ಲಿ ಮತ್ತೆ ಬೆಕ್ಕು ಮುಟ್ಟಿತು. ಕಥೆ ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುವರ್ಷ ಅವಳು ಪುನಃ ಬಸುರಿಯಾಗಿ ತಲ್ಲೂರಿಗೆ ಹೋದಳು. ಹೋಗುವಾಗ ಒಂದೇ ಮಾತು ಹೇಳಿದಳು, “ಈ ಸಲ ನೀವ್ ಇರ್ಕ್.” ಇರುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟು, ಸಿದ್ದಾಪುರದ ಒಂದು ಮದುವೆಗೆ ಹೋದೆ. ಹೋಗದಿದ್ದರೆ ಉಣ್ಣುವುದೇನು?

ಮದುವೆಯ ಬೆಳಿಗ್ಗೆ ಕುಂದಾಪುರದ ಬಸ್ಸು ಬಂತು. ಆ ಊರಿಗೆ ದಿನಕ್ಕೆ ಅದೊಂದೇ. ಇದ್ದಿಲು ತುಂಬಿಕೊಂಡು, ಸ್ವಲ್ಪ ಹೊತ್ತು ನಿಂತು ತಿರುಗಿ ಹೊರಡುತ್ತಿತ್ತು. ಅದರ ಕಂಡಕ್ಟರು ಅಡುಗೆಮನೆಯ ಹಿಂದಿನ ಅಂಗಳಕ್ಕೆ ಬಂದ. ಅಲ್ಲಿ ಭಟ್ಟರು ಎಂದಿನ ಹಾಗೆ ಮೈಲಿಗೆಯಾಗಿ ಸೌದೆಯ ರಾಶಿಯ ಮೇಲೆ ಕೂತಿದ್ದರು. ಕಂಡಕ್ಟರು ಬಾಗಿಲಿಂದಲೇ ನನಗೆ ಹೇಳಿದ: ತಲ್ಲೂರಿನಲ್ಲಿ ನಿನ್ನ ಹೆಂಡತಿಗೆ ನಿನ್ನೆ ಸಂಜೆಯಿಂದ ನೋವು, ಮಗು ಇನ್ನೂ ಬಂದಿಲ್ಲ, ಸೂಲಗಿತ್ತಿ ಹೆದರಿದ್ದಾಳೆ, ಗಂಡನನ್ನು ಕಳಿಸಿ ಅಂದಿದ್ದಾರೆ.

ಐತಾಳರ ಹತ್ತಿರ ಓಡಿದೆ. ಅವರು ಕೆಟ್ಟವರಲ್ಲ. ಆದರೆ ಕೊಪ್ಪರಿಗೆ ಒಲೆಯ ಮೇಲಿತ್ತು, ಕಾಯಿ ಅರ್ಧವೂ ಆಗಿರಲಿಲ್ಲ, ಕೈ ಇದ್ದದ್ದು ನನ್ನದೊಂದೇ. “ಊಟ ಎದ್ದ ಕೂಡ್ಲೆ ಹೋಗ್ ಮಾಣಿ. ಈಗ ನೀ ಹೋದ್ರೆ ಈ ಮನಿ ಮರ್ಯಾದಿ ಹೋತ್” ಎಂದರು. ಊಟ ಏಳುವ ಹೊತ್ತಿಗೆ ಬಸ್ಸು ಎಲ್ಲಿರುತ್ತದೆ? ಬಂದು ಹೆರೆಮಣೆಯ ಮೇಲೆ ಕೂತೆ. ಕೈ ಹೆರೆಯುತ್ತಿತ್ತು. ಕಣ್ಣಿಗೆ ಕಾಯಿ ಕಾಣುತ್ತಿರಲಿಲ್ಲ.

ಆಗ ಭಟ್ಟರು ಸೌದೆಯ ರಾಶಿಯಿಂದ ಎದ್ದು ಬಂದರು. ಹೊಸಿಲಿನ ಆಚೆ ನಿಂತು, ಮನೆಯ ಹಿರಿಯರಿಗೆಲ್ಲ ಕೇಳುವ ಹಾಗೆ ಕೂಗಿದರು.

“ಹ್ವಾಯ್ ಐತಾಳ್ರೇ! ಇವ್ನ ಹೆಣ್ತಿ ಹೆತ್ತಾಯ್ತಂಬ್ರ್! ಹೆಣ್ಣ್ ಮಗು ಅಂಬ್ರ್! ಇವ ಸೂತಕದವ, ಇನ್ನೂ ಒಳಗ್ ಕೂಕಂಡ್ ಕಾಯಿ ಹೆರೂದಾ?”

ಐತಾಳರು ಸಟ್ಟುಗ ಹಿಡಿದೇ ತಿರುಗಿದರು. “ನೋವ್ ಅಂದ್ನಲೆ ಕಂಡಕ್ಟ್ರ್?”

“ಅದ್ ಆಗ ಹೇಳಿದ್. ಇದ್ ಈಗ ಹೇಳಿದ್.”

ಮಗು ಹುಟ್ಟಿದರೆ ಅಪ್ಪನಿಗೆ ಹತ್ತು ದಿನ ಸೂತಕ. ಅಂಥವನು ಅಡುಗೆ ಮುಟ್ಟುವಂತಿಲ್ಲ. ಮದುವೆ ಮನೆಯ ಅಜ್ಜಿ ಅಲ್ಲೇ ಇದ್ದರು. “ಅಯ್ಯೋ, ಅವ್ನನ್ ಮೊದ್ಲ್ ಹೊರಗ್ ಹಾಕಿ. ಅವ ಹೆರ್ದ ಕಾಯಿ ಎಲ್ಲ ದನಕ್ ಹಾಕಿ” ಎಂದರು. ಮರುಕ್ಷಣ ನಾನು ಅಂಗಳದಲ್ಲಿದ್ದೆ.

ಭಟ್ಟರು ನನ್ನನ್ನು ಬೇಲಿಯ ದಣಪೆಯ ತನಕ ದೂಡಿಕೊಂಡು ಬಂದರು. ನಾನು ಅಳುತ್ತಲೋ ನಗುತ್ತಲೋ, “ಹೆಣ್ಣಾ ಭಟ್ರೇ? ಹೌದಾ?” ಎಂದು ಕೇಳಿದೆ.

“ಇನ್ನೂ ಹುಟ್ಲಿಲ್ಲ ಮಾರಾಯ” ಎಂದರು ಮೆಲ್ಲಗೆ. “ಹುಟ್ಟುಕ್ ಮೊದ್ಲ್ ಹೋಯಿ ಮುಟ್ಟ್. ಓಡ್.”

ಓಡಿದೆ. ಬಸ್ಸು ಸಿಕ್ಕಿತು. ಏರು ಬಂದಲ್ಲೆಲ್ಲ ಎಲ್ಲರೂ ಇಳಿದು ತಳ್ಳಬೇಕಿತ್ತು. ನನ್ನಷ್ಟು ಜೋರಾಗಿ ಆ ಬಸ್ಸನ್ನು ಯಾರೂ ತಳ್ಳಿರಲಿಕ್ಕಿಲ್ಲ. ಕುಂದಾಪುರದಲ್ಲಿ ದೋಣಿ ಹತ್ತಿ ತಲ್ಲೂರಿನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಒಳಗಿಂದ ಅವಳ ನರಳಿಕೆ ಕೇಳುತ್ತಿತ್ತು. ಮುಚ್ಚಿದ ಬಾಗಿಲ ಹೊರಗೆ ನಿಂತು, “ನಾ ಬಂದೆ” ಎಂದೆ. ನರಳಿಕೆ ಒಂದು ಗಳಿಗೆ ನಿಂತಿತು. “ಬಂದ್ರಿಯಾ?” ಎಂದಳು. ದೀಪ ಹಚ್ಚುವ ಹೊತ್ತಿಗೆ ಮಗು ಅತ್ತಿತು. ತಾಯಿ, ಮಗು ಇಬ್ಬರೂ ಉಳಿದರು.

ಅತ್ತ ಸಿದ್ದಾಪುರದಲ್ಲಿ ನಡೆದದ್ದನ್ನು ಆಮೇಲೆ ಐತಾಳರೇ ನನಗೆ ಹೇಳಿದರು. “ಅವ್ರ್ ಮಿಂದದ್ದೇ ಗೊತ್ತಾಯ್ಲ ಮಾಣಿ. ಎರಡ್ ಕೊಡಪಾನ ಸುರ್ಕಂಡ್ರ್, ಬಂದ್ ಕೂಕಂಡ್ರ್. ನೀ ಹೆರ್ದದ್ದ್ ದನಕ್ ಹೋಯ್ತಲೆ, ಅದನ್ನೂ ಹೊಸ್ತಾಗಿ ಹೆರೂಕಾಯ್ತ್. ಕಾಯಿ ಎಲ್ಲ ಹೆರ್ದ್ರ್, ಅರ್ದ್ರ್, ನೀರ್ ಸೇದಿದ್ರ್. ಒಂದ್ ಬೆಕ್ಕೂ ಮುಟ್ಲಿಲ್ಲ.”

ಮಗು ಹುಟ್ಟಿದ ಮರುದಿನ ಮಧ್ಯಾಹ್ನ ಭಟ್ಟರು ತಲ್ಲೂರಿಗೆ ಬಂದರು. ಜಗಲಿಯ ಮೇಲೆ ಕೂತು, “ಕಾಂಬ, ತೋರ್ಸಿ” ಎಂದರು. ನನ್ನ ಅತ್ತೆ ಮಗುವನ್ನು ದೂರದಿಂದಲೇ ತೋರಿಸಿ, “ಮುಟ್ಟುಕಾಗ ಭಟ್ರೇ, ಸೂತಕದ್ ಮನಿ. ನೀವ್ ಮಡಿಯವ್ರ್” ಎಂದರು.

“ನಾನ್ ಯಾವತ್ತೂ ಮೈಲಿಗಿಯೇ ಅಮ್ಮ. ಕೊಡಿ.”

ಎರಡೂ ಕೈ ಚಾಚಿದರು. ಅಂಗೈಯ ಚರ್ಮ ಕಿತ್ತು ಹೋಗಿತ್ತು, ಒಡೆದ ಬೊಕ್ಕೆಗಳಿಗೆ ಅರಿಶಿನ ಹಚ್ಚಿಕೊಂಡಿದ್ದರು. ಆ ಕೈಯಲ್ಲಿ ಮಗುವನ್ನು ತೆಗೆದುಕೊಂಡು ಮಡಿಲಲ್ಲಿ ಮಲಗಿಸಿಕೊಂಡರು. ಬಗ್ಗಿ ನೋಡಿ, “ಗಂಡಲ್ದಾ ಮಾಣಿ! ನಾನ್ ಹೆಣ್ಣ್ ಅಂದಿದ್ದೆ. ಐತಾಳ್ರಿಗೆ ಎಂತ ಹೇಳುದೀಗ?” ಎಂದರು.

ಅತ್ತೆ ಅವರ ಸ್ನಾನಕ್ಕೆಂದು ನೀರು ಕಾಯಿಸಿದ್ದರು. ಕರೆದರೂ ಏಳಲಿಲ್ಲ. ಮಗು ಮಲಗಿತ್ತು. ಮಗುವಿನ ಮೇಲಿನ ಕಣ್ಣು ತೆಗೆಯದೆ, “ಹೋದ್ ವರ್ಷದ್ದಕ್ ಇದ್ ಸಾಕಾತಿಲ್ಲ ಮಾಣಿ. ಗೊತ್ತಿತ್ ನಂಗೆ” ಎಂದರು.

ನಾನು ಹೋಗಿ ಅವರಿಗೆ ಒತ್ತಿಕೊಂಡು ಕುಳಿತೆ.